ಟವರ್ ಫುಲ್ ಇದೆ, ನೆಟ್ ಮಾತ್ರ ಓಡ್ತಿಲ್ಲ

ನಮ್ಮ ಮನೆ ಹನ್ನೊಂದನೇ ಮಹಡಿಯಲ್ಲಿದೆ. ಬಾಲ್ಕನಿಯಲ್ಲಿ ನಿಂತರೆ ಕೆರೆ ಕಾಣುತ್ತದೆ. ಕೆರೆಯ ಆಚೆ ದಡದ ಕಟ್ಟಡಗಳು, ಅವುಗಳ ನೆತ್ತಿಯ ಮೇಲಿನ ಮೊಬೈಲ್ ಟವರ್‌ಗಳೂ ಕಾಣುತ್ತವೆ. ಒಂದ್ಸಲ ಎಣಿಸಿದೆ. ಬರಿಗಣ್ಣಿಗೆ ಸಿಕ್ಕಿದ್ದೇ ಒಂಬತ್ತು. ಫೋನಿನಲ್ಲಿ ನಾಲ್ಕಕ್ಕೆ ನಾಲ್ಕೂ ಕಡ್ಡಿ. ಆದರೂ ವಿಡಿಯೊ ಕಾಲ್ ಮಾಡಿದರೆ ಎದುರಿನವರ ಮುಖ ಬಾಯಿ ತೆರೆದ ಭಂಗಿಯಲ್ಲೇ ನಿಂತುಬಿಡುತ್ತದೆ. ಲಿಫ್ಟ್ ಇಳಿದು ಗೇಟಿನ ಹತ್ತಿರ ಬಂದರೆ ಬರೋದು ಎರಡೇ ಕಡ್ಡಿ. ಅಲ್ಲಿ ನಮ್ಮ ಸೆಕ್ಯುರಿಟಿಯವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆರಾಮಾಗಿ ಕ್ರಿಕೆಟ್ ನೋಡುತ್ತಿರುತ್ತಾರೆ. ಅವರ ಫೋನಿನಲ್ಲಿ ಲೋಡಿಂಗ್ ಚಕ್ರ ಒಂದು ಸಲವೂ ಸುತ್ತಿದ್ದನ್ನು ನಾನು ಕಂಡಿಲ್ಲ.

ನಾಲ್ಕು ಕಡ್ಡಿ ಇದ್ದ ಕಡೆ ನೆಟ್ ಇಲ್ಲ, ಎರಡು ಕಡ್ಡಿ ಇದ್ದ ಕಡೆ ಇದೆ. ಹೇಗೆ?

ಫೋನಿನ ಒಳಗೇ ಇದಕ್ಕೆ ಉತ್ತರ ಸಿಗುತ್ತದೆ. ಐಫೋನ್ ಇದ್ದವರು *3001#12345#* ಅಂತ ಡಯಲ್ ಮಾಡಿ ನೋಡಿ, ಒಂದು ಗುಪ್ತ ಪರದೆ ತೆರೆದುಕೊಳ್ಳುತ್ತದೆ. ಆಂಡ್ರಾಯ್ಡ್‌ನವರಿಗೆ ಇದೇ ಕೆಲಸ ಮಾಡುವ ಉಚಿತ ಆ್ಯಪ್‌ಗಳಿವೆ. ಅಲ್ಲಿ ಸಂಖ್ಯೆಗಳ ರಾಶಿಯೇ ಇರುತ್ತದೆ, ನಮಗೆ ಎರಡು ಸಾಕು. ಮೊದಲನೆಯದು ಆರ್‌ಎಸ್‌ಆರ್‌ಪಿ. ಟವರ್‌ನ ದನಿ ನಿಮ್ಮ ಫೋನಿಗೆ ಎಷ್ಟು ಜೋರಾಗಿ ತಲುಪುತ್ತಿದೆ ಅನ್ನುವುದು ಅದು. ಮೈನಸ್‌ನಲ್ಲಿ ಇರುತ್ತದೆ, ಸೊನ್ನೆಯ ಕಡೆ ಬಂದಷ್ಟೂ ಜೋರು. ಕಡ್ಡಿಗಳು ಹೆಚ್ಚಾಗಿ ಇದನ್ನು ನೋಡಿಯೇ ಏಳುತ್ತವೆ. ಎರಡನೆಯದು ಎಸ್‌ಐಎನ್‌ಆರ್. ನಿಮಗೆ ಬೇಕಾದ ದನಿ, ಬೇಡದ ಗದ್ದಲಕ್ಕಿಂತ ಎಷ್ಟು ಪಟ್ಟು ಜಾಸ್ತಿ ಇದೆ ಅನ್ನುವ ಲೆಕ್ಕ ಅದು.

ಬಾಲ್ಕನಿಯಲ್ಲಿ ನನಗೆ ಸಿಕ್ಕಿದ್ದು -78 ಮತ್ತು 1. ಗೇಟಿನಲ್ಲಿ -92 ಮತ್ತು 17.

ಇವು ಡೆಸಿಬೆಲ್‌ಗಳು. ಡೆಸಿಬೆಲ್‌ನಲ್ಲಿ 10 ಏರಿದರೆ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. ಮೊದಲ ಸಂಖ್ಯೆಗಳ ನಡುವೆ 14ರ ಅಂತರ ಇದೆ, ಅಂದರೆ ಗೇಟಿಗೆ ಬರುವ ಸಿಗ್ನಲ್ ನಮ್ಮ ಬಾಲ್ಕನಿಗಿಂತ 25 ಪಟ್ಟು ಬಡಕಲು. ಆದರೆ ಎರಡನೇ ಸಂಖ್ಯೆ ನೋಡಿ. ಗೇಟಿನಲ್ಲಿ ಬೇಕಾದ ದನಿ ಗದ್ದಲಕ್ಕಿಂತ 50 ಪಟ್ಟು ದೊಡ್ಡದು. ಬಾಲ್ಕನಿಯಲ್ಲಿ ಬರೀ ಒಂದೂಕಾಲು ಪಟ್ಟು. 1948ರಲ್ಲಿ ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಗಣಿತಜ್ಞ ಕ್ಲಾಡ್ ಶಾನನ್ ಒಂದು ಸೂತ್ರ ಕೊಟ್ಟ. ಈ ಅನುಪಾತ ಗೊತ್ತಿದ್ದರೆ ಒಂದು ಚಾನೆಲ್‌ನಲ್ಲಿ, ಅಂದರೆ ಸಿಗ್ನಲ್ ಸಾಗುವ ಫ್ರೀಕ್ವೆನ್ಸಿ ಪಟ್ಟಿಯಲ್ಲಿ, ಹೆಚ್ಚೆಂದರೆ ಎಷ್ಟು ಡೇಟಾ ಸಾಗಿಸಬಹುದು ಅಂತ ಅದು ಹೇಳುತ್ತದೆ. 20 ಮೆಗಾಹರ್ಟ್ಸ್ ಅಗಲದ 4ಜಿ ಚಾನೆಲ್‌ಗೆ ಹಾಕಿ ನೋಡಿದರೆ ಗೇಟಿನಲ್ಲಿ ಸೆಕೆಂಡಿಗೆ ಸುಮಾರು 113 ಮೆಗಾಬಿಟ್, ಬಾಲ್ಕನಿಯಲ್ಲಿ 23. ಅದೂ ಆ ಟವರ್ ನಮ್ಮೊಬ್ಬರಿಗೇ ಮೀಸಲಾಗಿದ್ದರೆ. ಇಡೀ ಬಡಾವಣೆಯ ಜೊತೆ ಹಂಚಿಕೊಂಡ ಮೇಲೆ ನಮ್ಮ ಪಾಲಿಗೆ ಉಳಿಯೋದು ತೀರ್ಥದಷ್ಟು.

ಅಂದರೆ ಮುಖ್ಯವಾದದ್ದು ದನಿ ಎಷ್ಟು ದೊಡ್ಡದು ಅನ್ನೋದಲ್ಲ, ಪಕ್ಕದ ದನಿಗಿಂತ ಎಷ್ಟು ದೊಡ್ಡದು ಅನ್ನೋದು.

ಗಣೇಶನ ಹಬ್ಬದಲ್ಲಿ ಬೆಂಗಳೂರಿನ ಯಾವುದಾದರೂ ಹಳೇ ಬಡಾವಣೆಗೆ ಹೋದರೆ ಇದು ತಾನಾಗಿ ಅರ್ಥವಾಗುತ್ತದೆ. ಮೂರನೇ ಕ್ರಾಸಿನಲ್ಲಿ ಒಂದು ಪೆಂಡಾಲ್, ನಾಲ್ಕನೇ ಕ್ರಾಸಿನಲ್ಲಿ ಇನ್ನೊಂದು. ಎರಡರಲ್ಲೂ ಆರ್ಕೆಸ್ಟ್ರಾ. ಪೆಂಡಾಲ್ ಮುಂದೆ ಕುರ್ಚಿ ಹಾಕಿಕೊಂಡು ಕೂತವರಿಗೆ ಹಾಡು ಚೆನ್ನಾಗಿಯೇ ಕೇಳುತ್ತದೆ. ಎರಡರ ಮಧ್ಯೆ ಮನೆ ಇರುವವರಿಗೆ ಸದ್ದಿಗೇನೂ ಬರ ಇಲ್ಲ, ಕಿಟಕಿ ಗಾಜು ನಡುಗುತ್ತಿರುತ್ತದೆ, ಹಾಡು ಯಾವುದು ಅಂತ ಮಾತ್ರ ತಿಳಿಯುವುದಿಲ್ಲ. ಮೂರನೇ ಕ್ರಾಸಿನ ಹುಡುಗರು ವಾಲ್ಯೂಮ್ ಏರಿಸಿದರೆ ನಾಲ್ಕನೇ ಕ್ರಾಸಿನವರು ಸುಮ್ನಿರ್ತಾರಾ? ಅವರೂ ಏರಿಸುತ್ತಾರೆ. ಮಧ್ಯದ ಮನೆಯವರ ಪಾಡು ಹಾಗೇ ಇರುತ್ತದೆ.

‘ಟವರ್ ಪವರ್ ಜಾಸ್ತಿ ಮಾಡಿ’ ಅಂತ ದೂರು ಕೊಡುವವರಿಗೆ ಕಂಪನಿಯವರು ತಲೆಯಾಡಿಸಿ ಸುಮ್ಮನಾಗುವುದು ಇದಕ್ಕೇ. ಎಲ್ಲ ಟವರ್‌ಗಳೂ ಪವರ್ ಏರಿಸಿದರೆ ಮಧ್ಯದವರಿಗೆ ನಯಾಪೈಸೆ ಲಾಭ ಇಲ್ಲ. ಇಂಜಿನಿಯರುಗಳು ಇದನ್ನು ಇಂಟರ್‌ಫಿಯರೆನ್ಸ್ ಅಂತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ವ್ಯತಿಕರಣ ಅಂತಿದೆ. ನಾನು ಗದ್ದಲ ಅಂತಲೇ ಕರೆಯುತ್ತೇನೆ, ಕಿವಿಗೆ ಹತ್ತಿರದ ಮಾತು.

ಇಲ್ಲೊಂದು ತಪ್ಪು ತಿಳಿವಳಿಕೆ ಬೇಗ ಬಿಡಿಸಿಬಿಡುತ್ತೇನೆ. ಗದ್ದಲ ಅಂದಕೂಡಲೇ ಬೇರೆ ಕಂಪನಿಯ ಟವರ್ ಮೇಲೆ ಅನುಮಾನ ಬರುತ್ತದೆ. ಅವರದು ಬೇರೆ ತರಂಗಾಂತರ, ಅವರ ಹಾಡು ಬೇರೆಯೇ ಬೀದಿಯಲ್ಲಿ ನಡೆಯುತ್ತದೆ. ನಮಗೆ ತೊಂದರೆ ಕೊಡುವುದು ಬಹುಪಾಲು ನಮ್ಮದೇ ಕಂಪನಿಯ ಪಕ್ಕದ ಟವರ್. ಒಂದೇ ಮನೆಯವರ ಜಗಳ ಇದು.

ಜೇನುಗೂಡಿನ ನಕ್ಷೆ

ಹಾಗಾದರೆ ಒಂದೊಂದು ಟವರ್‌ಗೂ ಬೇರೆ ಬೇರೆ ಫ್ರೀಕ್ವೆನ್ಸಿ ಕೊಟ್ಟುಬಿಡಬಹುದಲ್ವಾ? ಕೊಡಬಹುದಿತ್ತು, ಇದ್ದಿದ್ದರೆ. ಸೆಲ್‌ಫೋನ್ ಬರುವ ಮೊದಲೂ ಅಮೆರಿಕದಲ್ಲಿ ಕಾರಿನಲ್ಲಿ ಇಟ್ಟುಕೊಳ್ಳುವ ಫೋನ್ ಇತ್ತು. ಊರಿಗೊಂದು ಎತ್ತರದ ಆಂಟೆನಾ, ಅದು ಇಡೀ ನಗರಕ್ಕೆ ಕೂಗಿ ಹೇಳುತ್ತಿತ್ತು. 1976ರಲ್ಲಿ ನ್ಯೂಯಾರ್ಕ್‌ನಂಥ ನ್ಯೂಯಾರ್ಕ್‌ನಲ್ಲಿ ಇದಕ್ಕಿದ್ದದ್ದು 12 ಚಾನೆಲ್. ಅಂದರೆ ಏಕಕಾಲಕ್ಕೆ 12 ಜನ ಮಾತಾಡಬಹುದು. ಚಂದಾದಾರರು 543. ಕಾಯುವವರ ಪಟ್ಟಿಯಲ್ಲಿ 3,700ಕ್ಕೂ ಹೆಚ್ಚು ಮಂದಿ. ನಮ್ಮಲ್ಲಿ ಒಂದು ಕಾಲದಲ್ಲಿ ಲ್ಯಾಂಡ್‌ಲೈನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರಲ್ಲ, ಅದರ ಅಣ್ಣ.

ಇದಕ್ಕೆ ಪರಿಹಾರ ಮಾತ್ರ ಬಹಳ ಹಿಂದೆಯೇ ಸಿದ್ಧವಾಗಿತ್ತು. 1947ರ ಡಿಸೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಡಗ್ಲಸ್ ರಿಂಗ್ ಕಚೇರಿಯೊಳಗೆ ಒಂದು ಟಿಪ್ಪಣಿ ಬರೆದಿದ್ದ. ಊರನ್ನು ಜೇನುಗೂಡಿನ ಹಾಗೆ ಆರು ಮೂಲೆಯ ಸಣ್ಣ ಸಣ್ಣ ಮನೆಗಳಾಗಿ ಒಡೆಯಿರಿ. ಪ್ರತಿ ಮನೆಗೂ ಒಂದು ಕಡಿಮೆ ಪವರ್‌ನ ಆಂಟೆನಾ ಕೊಡಿ. ಅಕ್ಕಪಕ್ಕದವರಿಗೆ ಬೇರೆ ಬೇರೆ ಚಾನೆಲ್ ಕೊಡಿ. ಸಾಕಷ್ಟು ದೂರ ಹೋದಮೇಲೆ ಅದೇ ಚಾನೆಲ್ ಮತ್ತೆ ಬಳಸಿ. ಸೆಲ್‌ಫೋನ್ ಅನ್ನುವ ಹೆಸರಿನ ‘ಸೆಲ್’ ಈ ಜೇನುಗೂಡಿನ ಮನೆ. ಬ್ಯಾಟರಿ ಸೆಲ್ ಅಂತ ನಾನು ಕಾಲೇಜು ಮುಗಿಯುವ ತನಕ ತಿಳಿದುಕೊಂಡಿದ್ದೆ!

‘ಸಾಕಷ್ಟು ದೂರ’ ಅಂದರೆ ಎಷ್ಟು? 1983ರ ಅಕ್ಟೋಬರ್‌ನಲ್ಲಿ ಷಿಕಾಗೊದಲ್ಲಿ ಅಮೆರಿಕದ ಮೊದಲ ವಾಣಿಜ್ಯ ಸೆಲ್ಯುಲಾರ್ ಸೇವೆ ಶುರುವಾದಾಗಿನ ತಂತ್ರಜ್ಞಾನ ತೆಗೆದುಕೊಳ್ಳೋಣ. ಅದರಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕಾದರೆ ದನಿ-ಗದ್ದಲದ ಅನುಪಾತ 18 ಡೆಸಿಬೆಲ್ ಇರಬೇಕಿತ್ತು. ಚಾನೆಲ್‌ಗಳನ್ನು ಏಳು ಗುಂಪು ಮಾಡಿ ಏಳು ಸೆಲ್‌ಗಳಿಗೆ ಹಂಚಿದರು. ಜೇನುಗೂಡಿನ ರೇಖಾಗಣಿತದಲ್ಲಿ ಹೀಗೆ ಹಂಚಿದಾಗ, ಅದೇ ಗುಂಪಿನ ಮುಂದಿನ ಸೆಲ್ ಇರುವುದು ಸೆಲ್‌ನ ತ್ರಿಜ್ಯದ 4.58ರಷ್ಟು ದೂರದಲ್ಲಿ. ಕಟ್ಟಡಗಳ ನಡುವೆ ಸಿಗ್ನಲ್ ಹೆಚ್ಚುಕಮ್ಮಿ ದೂರದ ನಾಲ್ಕನೇ ಘಾತದಲ್ಲಿ ಇಳಿಯುತ್ತದೆ. ಎರಡು ಪಟ್ಟು ದೂರ ಹೋದರೆ ಹದಿನಾರನೇ ಒಂದು ಭಾಗ. 4.58ರ ನಾಲ್ಕನೇ ಘಾತ 441. ಅಂಥ ನೆರೆಯವರು ಸುತ್ತ ಆರು ಜನ, ಆದ್ದರಿಂದ ಆರರಿಂದ ಭಾಗಿಸಿ. 73 ಪಟ್ಟು ಬಂತು. ಡೆಸಿಬೆಲ್‌ಗೆ ತಿರುಗಿಸಿದರೆ 18.6. ತಾಳೆ ಆಯ್ತಲ್ವಾ?

ಈ ಲೆಕ್ಕದಲ್ಲಿ ನನಗೆ ತುಂಬಾ ಹಿಡಿಸುವುದು ಒಂದು ಸಂಗತಿ. ಸೆಲ್ ಎಷ್ಟು ದೊಡ್ಡದು ಅನ್ನುವ ಪ್ರಶ್ನೆ ಇಲ್ಲಿ ಬರಲೇ ಇಲ್ಲ. ಹತ್ತು ಕಿಲೋಮೀಟರ್ ಸೆಲ್ ಆದರೂ 18.6, ಅರ್ಧ ಕಿಲೋಮೀಟರ್ ಆದರೂ 18.6. ನಕ್ಷೆಯನ್ನು ಹಾಗೇ ಕುಗ್ಗಿಸಬಹುದು. ಜನ ಜಾಸ್ತಿ ಆದರಾ, ಸೆಲ್ ಚಿಕ್ಕದು ಮಾಡಿ. ಇನ್ನೂ ಜಾಸ್ತಿ ಆದರಾ, ಇನ್ನೂ ಚಿಕ್ಕದು. ತರಂಗಾಂತರ ಅಷ್ಟೇ ಇರುತ್ತದೆ, ಮಾತಾಡುವವರು ಮಾತ್ರ ಬೆಳೆಯುತ್ತಾ ಹೋಗುತ್ತಾರೆ. ಊರ ತುಂಬ ಟವರ್‌ಗಳು ಎದ್ದದ್ದು ಈ ಒಂದು ಗುಣದಿಂದ.

ನಮ್ಮ ದೇಶಕ್ಕೆ ಮೊಬೈಲ್ ಬಂದಿದ್ದು 1995ರ ಜುಲೈ 31ಕ್ಕೆ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್‌ರಾಂ ಅವರಿಗೆ ಕರೆ ಮಾಡಿದರು. ಅದು ಜಿಎಸ್‌ಎಂ ಅನ್ನುವ ಡಿಜಿಟಲ್ ತಂತ್ರಜ್ಞಾನ. ಗದ್ದಲವನ್ನು ಹಳೆಯದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತಿತ್ತು, 9 ಡೆಸಿಬೆಲ್ ಅನುಪಾತ ಇದ್ದರೂ ಅದಕ್ಕೆ ಸಾಕಿತ್ತು. ಆದರೆ ಶುರುವಿನಲ್ಲಿ ಕಂಪನಿಗಳಿಗೆ ಸಿಕ್ಕ ತರಂಗಾಂತರ ಹೋಗಲು 4.4, ಬರಲು 4.4 ಮೆಗಾಹರ್ಟ್ಸ್ ಅಷ್ಟೇ. ಜಿಎಸ್‌ಎಂನ ಒಂದು ಚಾನೆಲ್ 200 ಕಿಲೋಹರ್ಟ್ಸ್. ಭಾಗಿಸಿದರೆ ಒಟ್ಟು 22 ಚಾನೆಲ್. ಇವನ್ನು ಒಂಬತ್ತು ಗುಂಪು ಮಾಡಿ (ಮೂರು ಟವರ್, ಒಂದೊಂದರಲ್ಲೂ ಮೂರು ದಿಕ್ಕಿಗೆ ಮೂರು ಸೆಲ್) ಹಂಚಿದರೆ ಒಂದು ಸೆಲ್‌ಗೆ ಎರಡು, ಅಲ್ಲೊಂದು ಇಲ್ಲೊಂದು ಕಡೆ ಮೂರು. ಒಂದು ಚಾನೆಲ್‌ನಲ್ಲಿ ಎಂಟು ಜನ ಸರದಿಯಲ್ಲಿ ಮಾತಾಡಬಹುದು. ಟವರ್‌ನ ಸ್ವಂತ ಕೆಲಸಕ್ಕೆ ಒಂದೆರಡು ಜಾಗ ತೆಗೆದರೆ ಉಳಿಯೋದು ಹದಿನಾಲ್ಕು ಕರೆ. ಹಬ್ಬದ ದಿನ ‘ನೆಟ್‌ವರ್ಕ್ ಬ್ಯುಸಿ’ ಅಂತ ಬರುತ್ತಿದ್ದದ್ದು ಯಾಕೆ ಅಂತ ಈಗ ಹೊಳೆಯಿತಾ?

ಜಿಎಸ್‌ಎಂನಲ್ಲಿ ಇನ್ನೊಂದು ಉಪಾಯ ಇತ್ತು. ಒಂದೇ ಚಾನೆಲ್‌ನಲ್ಲಿ ಕೂರದೆ ಸೆಕೆಂಡಿಗೆ 217 ಸಲ ಬೇರೆ ಬೇರೆ ಚಾನೆಲ್‌ಗೆ ಹಾರುತ್ತಿರುವುದು. ಪಕ್ಕದ ಸೆಲ್ ಬೇರೆ ತಾಳದಲ್ಲಿ ಹಾರುತ್ತಿರುತ್ತದೆ. ಡಿಕ್ಕಿ ಆದರೂ ಒಂದು ಚೂರು ಮಾತಷ್ಟೇ ಹಾಳು, ಅದನ್ನು ತಿದ್ದಿಕೊಳ್ಳಬಹುದು. ಗದ್ದಲ ಒಬ್ಬರ ತಲೆಗೇ ಕಟ್ಟದೆ ಎಲ್ಲರಿಗೂ ಹಂಚಿಹೋಗುತ್ತದೆ. ಆ ಕಾಲದಲ್ಲಿ ಟಿವಿ ಪಕ್ಕ ಫೋನ್ ಇಟ್ಟರೆ ಕಾಲ್ ಬರುವ ಮುಂಚೆಯೇ ಸ್ಪೀಕರ್ ‘ಟಿಗಿಡಿಗ್ ಟಿಗಿಡಿಗ್’ ಅನ್ನುತ್ತಿತ್ತು, ನೆನಪಿದೆಯಾ? ಫೋನಿನ ರೇಡಿಯೋ ಆನ್-ಆಫ್ ಆಗುವ ಆ 217ರ ಲಯವನ್ನೇ ನಾವು ಕಿವಿಯಾರೆ ಕೇಳುತ್ತಿದ್ದದ್ದು.

ಬಗ್ಗಿಸುವ ಕೆಲಸ

ಇಷ್ಟೆಲ್ಲ ಲೆಕ್ಕ ಕಾಗದದ ಮೇಲೆ ಸರಿ. ಯಾವ ಟವರ್‌ನ ಸಿಗ್ನಲ್ಲೂ ಆರು ಮೂಲೆ ನೋಡಿಕೊಂಡು ನಿಲ್ಲುವುದಿಲ್ಲ. ಕಟ್ಟಡ ಅಡ್ಡ ಬಂದರೆ ನಿಲ್ಲುತ್ತದೆ, ಖಾಲಿ ಜಾಗ ಸಿಕ್ಕರೆ ಓಡುತ್ತದೆ. ಇಲ್ಲಿ ಬೇಕಾಗುವುದು ಆಂಟೆನಾವನ್ನು ಬಗ್ಗಿಸುವ ಕೆಲಸ. ಅದನ್ನು ಮಾಡುವವರು ‘ಟಿಲ್ಟ್’ ಅಂತಾರೆ.

ಮೂರು ಸಲ ದೂರು ಕೊಟ್ಟ ಮೇಲೆ ನಮ್ಮ ಮನೆಗೂ ಕಂಪನಿಯಿಂದ ಒಬ್ಬ ಹುಡುಗ ಬಂದಿದ್ದ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಲ್ಯಾಪ್‌ಟಾಪ್, ಅದಕ್ಕೆ ವೈರ್‌ನಲ್ಲಿ ಕಟ್ಟಿದ ಎರಡು ಫೋನ್. ರಸ್ತೆಯಲ್ಲಿ ಕಾರಿನಲ್ಲಿ ಹೋಗುತ್ತಾ ಅಳೆದರೆ ಅದು ಡ್ರೈವ್ ಟೆಸ್ಟ್, ಮನೆಯೊಳಗೆ ನಡೆಯುತ್ತಾ ಅಳೆದರೆ ವಾಕ್ ಟೆಸ್ಟ್. ಹಾಲ್‌ನಿಂದ ಅಡುಗೆಮನೆ, ಅಲ್ಲಿಂದ ಬಾಲ್ಕನಿ ಅಂತ ಓಡಾಡಿದ. ಬಾಲ್ಕನಿಗೆ ಬಂದದ್ದೇ ನಕ್ಕ.

“ಸಾರ್, ಇಲ್ಲಿ ನಮ್ದೇ ಆರು ಸೆಲ್ ಒಂದೇ ಲೆವೆಲ್‌ನಲ್ಲಿ ಬರ್ತಿದೆ. ಫೋನ್‌ಗೆ ಯಾವುದು ಹಿಡೀಬೇಕು ಅಂತಾನೇ ಗೊತ್ತಾಗ್ತಿಲ್ಲ.”

“ನಮ್ಮ ಹಿಂದಿನ ಬೀದಿಯಲ್ಲೇ ಟವರ್ ಇದೆಯಲ್ಲಪ್ಪಾ?”

“ಅದು ನಿಮ್ಮ ಸರ್ವಿಂಗ್ ಸೆಲ್ ಆಗ್ಬೇಕಿತ್ತು, ಫೋನ್ ಅದನ್ನೇ ಹಿಡೀಬೇಕಿತ್ತು. ಆದ್ರೆ ಕೆರೆ ಆಚೆದು ಓವರ್‌ಶೂಟ್ ಆಗ್ತಿದೆ, ತನ್ನ ಏರಿಯಾ ದಾಟಿ ಬರ್ತಿದೆ. ನೀರಿನ ಮೇಲೆ ಅಡ್ಡ ಏನಿಲ್ವಲ್ಲ, ಸೀದಾ ಬಂದು ನಿಮ್ಮ ಬಾಲ್ಕನಿಗೆ ಹೊಡೀತಿದೆ.”

ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಕಟ್ಟಡಗಳ ಮೇಲಿನ ಆಂಟೆನಾ ನೆಲದಿಂದ ಸುಮಾರು 30 ಮೀಟರ್ ಎತ್ತರದಲ್ಲಿರುತ್ತದೆ ಅಂದುಕೊಳ್ಳಿ. ಅದನ್ನು 2 ಡಿಗ್ರಿ ಕೆಳಗೆ ಬಗ್ಗಿಸಿದರೆ ಅದರಿಂದ ಹೊರಡುವ ಸಿಗ್ನಲ್ ಕಿರಣದ ನಡುಭಾಗ ನೆಲ ಮುಟ್ಟುವುದು 860 ಮೀಟರ್ ಆಚೆ. 5 ಡಿಗ್ರಿ ಬಗ್ಗಿಸಿದರೆ 340 ಮೀಟರ್. 8 ಡಿಗ್ರಿಗೆ 210 ಮೀಟರ್. ಒಂದೆರಡು ಡಿಗ್ರಿಯಲ್ಲಿ ಒಂದು ಬಡಾವಣೆಯೇ ಒಳಗೆ ಬರುತ್ತದೆ ಇಲ್ಲವೇ ಹೊರಗೆ ಹೋಗುತ್ತದೆ. ಕಿರಣಕ್ಕೆ ಮೇಲಿಂದ ಕೆಳಕ್ಕೆ ಏಳು ಡಿಗ್ರಿಯಷ್ಟು ದಪ್ಪ ಬೇರೆ ಇರುತ್ತದೆ. 2 ಡಿಗ್ರಿಯಷ್ಟೇ ಬಗ್ಗಿಸಿದ ಆಂಟೆನಾದ ಮೇಲಿನ ಅಂಚು ಇನ್ನೂ ಆಕಾಶದ ಕಡೆಗೇ ಇರುತ್ತದೆ. ಹನ್ನೊಂದನೇ ಮಹಡಿ ಅಂದರೆ ಹೆಚ್ಚುಕಮ್ಮಿ ಅದೇ 30 ಮೀಟರ್ ಎತ್ತರ. ಟವರ್‌ಗಳು ಬೀದಿಯಲ್ಲಿ ನಿಂತವರ ಜೊತೆ ಮಾತಾಡುತ್ತಿವೆ, ನಾವು ಅವುಗಳ ಬಾಯಿಗೆ ಎದುರಾಗಿ ಕೂತಿದ್ದೇವೆ.

ಕೆಳಗೆ ಸೆಕ್ಯುರಿಟಿಯವರಿಗೆ ಯಾಕೆ ತೊಂದರೆ ಇಲ್ಲ ಅನ್ನುವುದೂ ಇಲ್ಲೇ ಇದೆ. ಸುತ್ತಲ ಕಟ್ಟಡಗಳು ದೂರದ ಟವರ್‌ಗಳನ್ನೆಲ್ಲ ಮರೆ ಮಾಡಿವೆ. ಹತ್ತಿರದ ಒಂದೇ ಟವರ್ ತೂರಿಕೊಂಡು ಬರುತ್ತದೆ, ಸಣ್ಣ ದನಿಯಾದರೂ ಒಂಟಿ ದನಿ. ಗೋಡೆಗಳು ಸಿಗ್ನಲ್‌ಗೆ ಶತ್ರು ಅಂತ ನಾವೆಲ್ಲ ಬೈಯುತ್ತೇವೆ. ಪಕ್ಕದ ಪೆಂಡಾಲಿನ ಸದ್ದು ತಡೆಯುವುದೂ ಗೋಡೆಯೇ.

ಹಿಂದೆ ಟಿಲ್ಟ್ ಬದಲಿಸಲು ಒಬ್ಬರು ಸ್ಪ್ಯಾನರ್ ಹಿಡಿದು ಟವರ್ ಹತ್ತಬೇಕಿತ್ತು. ಈಗ ಬಹಳಷ್ಟು ಆಂಟೆನಾಗಳ ಹೊಟ್ಟೆಯಲ್ಲಿ ಸಣ್ಣ ಮೋಟರ್ ಇದೆ. ಆಫೀಸಿನಲ್ಲಿ ಕೂತವರು ಗುಂಡಿ ಒತ್ತಿದರೆ ಆಂಟೆನಾ ಅಲುಗಾಡದೆಯೇ ಕಿರಣ ಬಗ್ಗುತ್ತದೆ. “ರಿಕ್ವೆಸ್ಟ್ ಹಾಕ್ತೀನಿ ಸಾರ್, ಎರಡು ವಾರ ನೋಡಿ” ಅಂದು ಹುಡುಗ ನೀರು ಕುಡಿದು ಹೊರಟ.

ಎಲ್ಲರಿಗೂ ಒಂದೇ ಚಾನೆಲ್

ಜಿಎಸ್‌ಎಂಗೂ 4ಜಿಗೂ ನಡುವೆ ಬಂದ ಸಿಡಿಎಂಎ ಮತ್ತು 3ಜಿ ಎಂಬ ತಂತ್ರಜ್ಞಾನಗಳ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅವು ಚಾನೆಲ್ ಹಂಚುವ ಗೋಜನ್ನೇ ಬಿಟ್ಟವು. ಎಲ್ಲ ಸೆಲ್‌ಗಳಿಗೂ ಸೇರಿ ಅಗಲವಾದ ಒಂದೇ ಚಾನೆಲ್, ಒಬ್ಬೊಬ್ಬರ ಮಾತಿಗೂ ಬೇರೆ ಸಂಕೇತ. ಬೇರೆಯವರ ಮಾತು ಹಿನ್ನೆಲೆಯ ಗುಜುಗುಜು ಆಗಿ ಕೇಳುತ್ತದೆ ಅಷ್ಟೇ. ಆದರೆ ಟವರ್ ಕೆಳಗೆ ನಿಂತವನು ಗಟ್ಟಿಯಾಗಿ ಕೂಗಿದರೆ ದೂರದವನ ಮಾತು ಮುಳುಗುತ್ತದೆ. ಅದಕ್ಕೆ 3ಜಿಯಲ್ಲಿ ಟವರ್ ಪ್ರತಿ ಫೋನಿಗೂ ಸೆಕೆಂಡಿಗೆ 1,500 ಸಲ ‘ಮೆಲ್ಲಗೆ, ಇಲ್ಲ ಸ್ವಲ್ಪ ಜೋರು’ ಅಂತ ಹೇಳುತ್ತಲೇ ಇರುತ್ತಿತ್ತು. ಜನ ಜಾಸ್ತಿ ಆದರೆ ಗುಜುಗುಜು ಏರಿ ಸೆಲ್‌ನ ಅಂಚು ಒಳಗೆ ಕುಗ್ಗುತ್ತಿತ್ತು, ರಾತ್ರಿ ಮತ್ತೆ ಹಿಗ್ಗುತ್ತಿತ್ತು. ಇಂಜಿನಿಯರುಗಳು ‘ಸೆಲ್ ಉಸಿರಾಡುತ್ತೆ’ ಅನ್ನುತ್ತಿದ್ದರು. ಬೆಳಗ್ಗೆ ಬರುತ್ತಿದ್ದ ಸಿಗ್ನಲ್ ಸಂಜೆ ಮಾಯವಾಗುತ್ತಿದ್ದದ್ದು ನಮ್ಮ ಭ್ರಮೆಯಲ್ಲ.

4ಜಿಯೂ ಇದೇ ಪಟ್ಟು ಹಿಡಿಯಿತು. ಕಂಪನಿಯ ಬಳಿ 20 ಮೆಗಾಹರ್ಟ್ಸ್ ಇದ್ದರೆ ಪ್ರತಿ ಟವರ್‌ನ ಪ್ರತಿ ಸೆಲ್ಲೂ ಆ ಅಷ್ಟೂ 20 ಬಳಸುತ್ತದೆ. ಮೂರು ಭಾಗ ಮಾಡಿ ಹಂಚಬಹುದಿತ್ತಲ್ಲ? ಶಾನನ್ ಸೂತ್ರಕ್ಕೇ ಕೇಳಿ. ಅಂಚಿನಲ್ಲಿರುವವನ ಅನುಪಾತ 0 ಡೆಸಿಬೆಲ್ ಇದ್ದದ್ದು ಹಂಚಿದ ಮೇಲೆ 12 ಆಯಿತು ಅನ್ನೋಣ. ಒಂದೊಂದು ಹರ್ಟ್ಸ್‌ಗೆ 1 ಬಿಟ್ ಇದ್ದದ್ದು 4 ಬಿಟ್ ಆಗುತ್ತದೆ. ಆದರೆ ಚಾನೆಲ್ ಮೂರನೇ ಒಂದಕ್ಕೆ ಇಳಿದಿದೆ, ಕೈಗೆ ಬರೋದು 1.36. ಲಾಭ ಇದೆ, ಅಂಥ ಲಾಭವಲ್ಲ. ಟವರ್ ಪಕ್ಕದವನು 20 ಡೆಸಿಬೆಲ್‌ನಿಂದ 28ಕ್ಕೆ ಏರಿದರೂ ಅವನ 6.7 ಬಿಟ್ ಬರೀ 3.1ಕ್ಕೆ ಇಳಿಯುತ್ತದೆ. ಅಂಚಿನವನಿಗೆ ಚೂರು ಕೊಡಲು ಹೋಗಿ ನಡುವಿನವನ ಅರ್ಧ ಆಸ್ತಿ ಕಳೆದ ಹಾಗಾಯಿತು.

ಅದಕ್ಕೆ ಮಧ್ಯದ ದಾರಿ ಹುಡುಕಿದರು. 4ಜಿಯಲ್ಲಿ ಚಾನೆಲ್ ಅನ್ನುವುದು ಚೌಕುಳಿ ಕಾಗದ ಇದ್ದ ಹಾಗೆ. ಒಂದು ಚೌಕಕ್ಕೆ 180 ಕಿಲೋಹರ್ಟ್ಸ್ ಅಗಲ, ಒಂದು ಮಿಲಿಸೆಕೆಂಡ್ ಉದ್ದ. 20 ಮೆಗಾಹರ್ಟ್ಸ್‌ನಲ್ಲಿ ಪ್ರತಿ ಮಿಲಿಸೆಕೆಂಡಿಗೂ 100 ಚೌಕ. ಯಾವ ಚೌಕ ಯಾರಿಗೆ, ಎಷ್ಟು ಪವರ್‌ನಲ್ಲಿ ಅಂತ ಟವರ್ ಸೆಕೆಂಡಿಗೆ ಸಾವಿರ ಸಲ ತೀರ್ಮಾನ ಮಾಡುತ್ತದೆ. ಟವರ್‌ಗೆ ಹತ್ತಿರ ಇದ್ದವರಿಗೆ ಯಾವ ಚೌಕವಾದರೂ ಆದೀತು, ಮೆಲ್ಲನೆಯ ದನಿ ಸಾಕು. ಅಂಚಿನವರಿಗೆ ಮಾತ್ರ ಮೂರನೇ ಒಂದು ಭಾಗದ ಚೌಕಗಳನ್ನು ಗುರುತು ಮಾಡಿ ಅಲ್ಲಿ ಗಟ್ಟಿಯಾಗಿ ಮಾತಾಡುವುದು. ಪಕ್ಕದ ಟವರ್ ತನ್ನ ಗಟ್ಟಿ ಮಾತಿಗೆ ಬೇರೆ ಮೂರನೇ ಒಂದನ್ನು ಆರಿಸಿಕೊಳ್ಳುತ್ತದೆ. ಹೀಗೆ ಎಲ್ಲರೂ ಎಲ್ಲವನ್ನೂ ಬಳಸುತ್ತಾರೆ, ಇಬ್ಬರು ಒಂದೇ ಕಡೆ ಕೂಗುವುದಿಲ್ಲ.

ಇದನ್ನು ಕೂಡಿಸಿಕೊಳ್ಳಲು 4ಜಿ ಟವರ್‌ಗಳು ತಮ್ಮ ನಡುವೆಯೇ ಮಾತಾಡುತ್ತವೆ. ಆ ಕೊಂಡಿಯ ಹೆಸರು ಎಕ್ಸ್2. ಅದರಲ್ಲಿ ಮೂರು ಬಗೆಯ ಸಂದೇಶ ಓಡಾಡುತ್ತವೆ. ‘ಈ ಚೌಕಗಳಲ್ಲಿ ನಾನು ಜೋರಾಗಿ ಕಳಿಸುತ್ತೇನೆ’ ಅನ್ನುವುದು ಒಂದು. ‘ಈ ಚೌಕಗಳನ್ನು ನನ್ನ ಅಂಚಿನ ಫೋನಿಗೆ ಕೊಡುತ್ತಿದ್ದೇನೆ, ನಿನ್ನ ಕಡೆ ಸದ್ದು ಬರಬಹುದು, ಹುಷಾರು’ ಅನ್ನುವುದು ಇನ್ನೊಂದು. ಮೂರನೆಯದು ಜಗಳದ್ದೇ: ‘ಈ ಚೌಕಗಳಲ್ಲಿ ನನಗೆ ತಡೆಯಕ್ಕಾಗ್ತಿಲ್ಲ, ಸ್ವಲ್ಪ ಕಮ್ಮಿ ಮಾಡು.’ ಮೂರನೇ ಕ್ರಾಸಿನ ಹುಡುಗ ನಾಲ್ಕನೇ ಕ್ರಾಸಿನವನಿಗೆ ವಾಟ್ಸ್‌ಆ್ಯಪ್ ಮಾಡಿದಂತೆ. ಚಂದದ ಉಪಾಯ, ಆದರೆ ಮಿಲಿಸೆಕೆಂಡಿಗೊಂದು ತೀರ್ಮಾನ ಬದಲಾಗುವ ಕಡೆ ಹತ್ತಾರು ಮಿಲಿಸೆಕೆಂಡ್ ತಡವಾಗಿ ಬರುವ ಪತ್ರ ಅರ್ಧ ಹಳಸಿರುತ್ತದೆ. ಟಿಲ್ಟ್ ಸರಿಯಿಲ್ಲದ ಕಡೆ ಈ ಪತ್ರ ವ್ಯವಹಾರದಿಂದ ದೊಡ್ಡ ಪವಾಡ ಆಗದು ಅಂತಲೇ ನನ್ನ ಅನಿಸಿಕೆ.

ಅದಕ್ಕಿಂತ ನನಗೆ ಹಿಡಿಸಿದ್ದು ಮೌನದ ಉಪಾಯ. ದೊಡ್ಡ ಟವರ್‌ನ ಸೀಮೆಯೊಳಗೆ, ಮಾರುಕಟ್ಟೆಯೋ ಬಸ್ ನಿಲ್ದಾಣವೋ ಇರುವ ಕಡೆ ಒಂದು ಪುಟ್ಟ ಸೆಲ್ ಹಾಕುತ್ತಾರೆ. ದೊಡ್ಡದು 40 ವಾಟ್, ಪುಟ್ಟದು 1 ವಾಟ್. ಪುಟ್ಟದಕ್ಕೆ ಹತ್ತಿರ ಇದ್ದರೂ ಫೋನುಗಳು ದೊಡ್ಡದರ ಕೂಗಿಗೇ ಓಡುತ್ತವೆ. ಪುಟ್ಟದು ಕೆಲಸವಿಲ್ಲದೆ ಕೂರುತ್ತದೆ. ಅದಕ್ಕೆ ಫೋನಿಗೆ ‘ಪುಟ್ಟದರ ಅಂಕಕ್ಕೆ ಆರೋ ಒಂಬತ್ತೋ ಡೆಸಿಬೆಲ್ ಗ್ರೇಸ್ ಮಾರ್ಕ್ಸ್ ಸೇರಿಸಿ ನೋಡು’ ಅಂತ ಹೇಳುತ್ತಾರೆ. ಫೋನ್ ಅತ್ತ ಹೋಯಿತು ಸರಿ, ಆದರೆ ದೊಡ್ಡದರ ಅಬ್ಬರ ಕಿವಿಗೆ ಬಡಿಯುತ್ತಲೇ ಇದೆಯಲ್ಲ? ಆಗ ದೊಡ್ಡ ಟವರ್ 40 ಮಿಲಿಸೆಕೆಂಡಿನ ಸುತ್ತಿನಲ್ಲಿ ಕೆಲವು ಮಿಲಿಸೆಕೆಂಡ್ ಬಾಯಿ ಮುಚ್ಚಿಕೊಳ್ಳುತ್ತದೆ. ಆ ಸಂದಿಯಲ್ಲಿ ಪುಟ್ಟದು ತನ್ನ ಅಂಚಿನವರ ಜೊತೆ ಮಾತು ಮುಗಿಸಿಕೊಳ್ಳುತ್ತದೆ. ಅವರ ಪೆಂಡಾಲಿನಲ್ಲಿ ಹರಿಕಥೆ ನಡೆಯುವಾಗ ನಮ್ಮ ಮೈಕ್ ಆಫ್ ಅನ್ನುವ ಒಪ್ಪಂದ. ಮಾನದಂಡದಲ್ಲಿ ಇದರ ಹೆಸರೇ ‘ಬಹುತೇಕ ಖಾಲಿ’ ಅಂತ. ಬಹುತೇಕ ಯಾಕೆ? 4ಜಿ ಟವರ್ ಡೇಟಾ ನಿಲ್ಲಿಸಿದರೂ ‘ನಾನಿದ್ದೇನೆ, ನಾನಿದ್ದೇನೆ’ ಅನ್ನುವ ಗುರುತಿನ ಸದ್ದು ನಿಲ್ಲಿಸುವ ಹಾಗಿಲ್ಲ.

ಈ ಗುರುತಿನ ಸದ್ದು ಇನ್ನೊಂದು ತರ್ಲೆ ಮಾಡುತ್ತದೆ. ಪ್ರತಿ 4ಜಿ ಸೆಲ್‌ಗೂ 0ಯಿಂದ 503ರವರೆಗಿನ ಒಂದು ನಂಬರ್ ಇರುತ್ತದೆ. ದೇಶದ ತುಂಬ ಸೆಲ್‌ಗಳಿವೆ, ನಂಬರ್ 504 ಅಷ್ಟೇ. ಆದ್ದರಿಂದ ಇವನ್ನೂ ದೂರ ನೋಡಿ ಮತ್ತೆ ಬಳಸಬೇಕು. ಹತ್ತಿರದ ಎರಡು ಸೆಲ್‌ಗೆ ಒಂದೇ ನಂಬರ್ ಬಿದ್ದರೆ, ಒಂದೇ ಬಡಾವಣೆಯಲ್ಲಿ ಎರಡು ‘5ನೇ ಕ್ರಾಸ್’ ಇದ್ದು ಕೊರಿಯರ್ ಹುಡುಗ ಪರದಾಡುವಂತೆ ಫೋನ್ ಪರದಾಡುತ್ತದೆ. ಅಷ್ಟೇ ಅಲ್ಲ, ನಂಬರನ್ನು ಮೂರರಿಂದ ಭಾಗಿಸಿದಾಗ ಉಳಿಯುವ ಶೇಷವೂ ಬೇರೆ ಇರಬೇಕು. ಶೇಷ ಒಂದೇ ಆದರೆ ಇಬ್ಬರ ‘ನಾನಿದ್ದೇನೆ’ ಚೌಕುಳಿಯ ಒಂದೇ ಜಾಗದಲ್ಲಿ ಒಂದರ ಮೇಲೊಂದು ಬೀಳುತ್ತದೆ. ನಡುರಾತ್ರಿ ಯಾರೂ ನೆಟ್ ಬಳಸದಿದ್ದಾಗಲೂ ಅನುಪಾತ ಹಾಳು. ಮೂರರ ಮಗ್ಗಿ ತಪ್ಪಿದ್ದಕ್ಕೆ ಒಂದು ಬೀದಿಯ ನೆಟ್ ಮಲಗುವುದು ಅಂದರೆ ಇದೇ.

5ಜಿಯಲ್ಲಿ ಈ ಚಟ ಬಹಳಷ್ಟು ಬಿಡಿಸಿದ್ದಾರೆ. ನಂಬರ್‌ಗಳು 1,008ಕ್ಕೆ ಏರಿವೆ. ಗುರುತಿನ ಸದ್ದು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಬಂದು ಹೋಗುತ್ತದೆ, ಮಿಕ್ಕ ಹೊತ್ತು ಕೆಲಸವಿಲ್ಲದಿದ್ದರೆ ಮೌನ. ಇನ್ನೂ ದೊಡ್ಡ ಬದಲಾವಣೆ ಅಂದರೆ, ಒಂದೇ ಪೆಟ್ಟಿಗೆಯೊಳಗೆ 64ರಷ್ಟು ಪುಟ್ಟ ಆಂಟೆನಾ ಜೋಡಣೆಗಳು. ಅವು ಕೂಡಿ ಟಾರ್ಚ್ ಬೆಳಕಿನಂತೆ ತೆಳ್ಳನೆಯ ಕಿರಣವನ್ನು ನೇರವಾಗಿ ನಿಮ್ಮ ಫೋನಿನ ಕಡೆಗೇ ಬಿಡುತ್ತವೆ. ಸುತ್ತಲಿನವರ ಕಣ್ಣಿಗೆ ಹೊಡೆಯುವುದು ಕಡಿಮೆ. ಹನ್ನೊಂದನೇ ಮಹಡಿಗೂ ಬೇಕಾದರೆ ಕಿರಣ ಎತ್ತಬಹುದು.

ಗಡಿಯಾರ ಮತ್ತು ಬೂಸ್ಟರ್

ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು ಶುರುವಾದ 5ಜಿ ಮುಖ್ಯವಾಗಿ ಓಡುತ್ತಿರುವುದು 3.3 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ. ಇಲ್ಲಿ ಹೋಗಲು ಬರಲು ಒಂದೇ ದಾರಿ, ಸರದಿಯಲ್ಲಿ. ಟವರ್ ಒಂದಷ್ಟು ಹೊತ್ತು ಮಾತಾಡುತ್ತದೆ, ಒಂದಷ್ಟು ಹೊತ್ತು ಕೇಳಿಸಿಕೊಳ್ಳುತ್ತದೆ. ಎಲ್ಲ ಟವರ್‌ಗಳೂ ಒಟ್ಟಿಗೆ ಮಾತಾಡಬೇಕು, ಒಟ್ಟಿಗೆ ಸುಮ್ಮನಾಗಬೇಕು. ಇವರ ಗಡಿಯಾರಗಳಲ್ಲಿ 3 ಮೈಕ್ರೋಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಬ್ಬ ತಪ್ಪಿದರೂ, ಫೋನಿನ 0.2 ವಾಟ್ ಪಿಸುಮಾತಿಗೆ ಕಿವಿಗೊಟ್ಟು ಕೂತ ಪಕ್ಕದ ಟವರ್‌ನ ಕಿವಿಗೆ ಕಹಳೆ ಊದಿದಂತೆ. ಟವರ್ ಬುಡದಲ್ಲಿ ಬಿಳಿ ಅಣಬೆಯಂಥ ಪುಟ್ಟ ಆಂಟೆನಾ ನೋಡಿದ್ದೀರಾ? ಅದು ಜಿಪಿಎಸ್‌ನಿಂದ ಟೈಮ್ ಕೇಳಿಕೊಳ್ಳುವ ಕಿವಿ.

ಗಡಿಯಾರ ಸರಿ ಇದ್ದೂ ತಪ್ಪುವುದುಂಟು. ಕೆಲವು ಹವಾಮಾನದಲ್ಲಿ ನೆಲಕ್ಕೆ ಹತ್ತಿರದ ಗಾಳಿಯ ಪದರಗಳು ರೇಡಿಯೋ ಅಲೆಗೆ ಕೊಳವೆಯಂತಾಗಿ, ಅದು ಚದುರದೆ ನೂರಾರು ಕಿಲೋಮೀಟರ್ ಜಾರಿಕೊಂಡು ಹೋಗುತ್ತದೆ. ಬೆಳಕಿನ ವೇಗದಲ್ಲೂ 300 ಕಿಲೋಮೀಟರಿಗೆ ಒಂದು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಇಲ್ಲಿನ ಟವರ್ ಮಾತು ಮುಗಿಸಿ ಕೇಳಲು ಕೂತಿರುತ್ತದೆ. ಎಲ್ಲೋ ದೂರದ ಜಿಲ್ಲೆಯ ಟವರ್‌ನ ಹಳೇ ಮಾತು ಆಗ ಬಂದು ಬಡಿಯುತ್ತದೆ. ಚೀನಾದಲ್ಲಿ ಇದು ದೊಡ್ಡ ತಲೆನೋವಾಗಿ, ಕೊನೆಗೆ 5ಜಿ ಮಾನದಂಡದಲ್ಲೇ ದೂರದ ಅಪರಾಧಿಯನ್ನು ಗುರುತಿಸುವ ವ್ಯವಸ್ಥೆ ಸೇರಿಸಿದರು.

ಹತ್ತಿರದ ಅಪರಾಧಿಗಳು ಇನ್ನೂ ಸುಲಭ. ಅಂಗಡಿಯ ಬೇಸ್‌ಮೆಂಟಿನಲ್ಲಿ ಸಿಗ್ನಲ್ ಬರಲ್ಲ ಅಂತ ಆನ್‌ಲೈನ್‌ನಲ್ಲಿ ಬೂಸ್ಟರ್ ತರಿಸಿ ಹಾಕಿಕೊಳ್ಳುತ್ತಾರಲ್ಲ, ಅವು. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಮಾರುವುದು, ಇಟ್ಟುಕೊಳ್ಳುವುದು ಎರಡೂ ಅಪರಾಧ. ಕಾರಣ ಸರಳ. ಕಳಪೆ ಬೂಸ್ಟರ್‌ಗೆ ಮಾತು ಯಾವುದು, ಸದ್ದು ಯಾವುದು ಅನ್ನುವ ವಿವೇಕ ಇಲ್ಲ. ಎಲ್ಲವನ್ನೂ ದೊಡ್ಡದು ಮಾಡಿ ಟವರ್‌ನ ಕಡೆ ಎರಚುತ್ತದೆ. ಒಳಗಿನ ಆಂಟೆನಾ ಹೊರಗಿನದಕ್ಕೆ ಹತ್ತಿರ ಇದ್ದರಂತೂ ಮೈಕನ್ನು ಸ್ಪೀಕರ್ ಮುಂದೆ ಹಿಡಿದಾಗ ‘ಕುಂಯ್’ ಅಂತ ಅರಚುವ ಹಾಗೆ ಇಪ್ಪತ್ತನಾಲ್ಕು ಗಂಟೆ ಅರಚುತ್ತಿರುತ್ತದೆ. ನಮ್ಮ ಕಿವಿಗೆ ಕೇಳಲ್ಲ, ಟವರ್‌ಗೆ ಕೇಳುತ್ತದೆ. ಬೂಸ್ಟರ್ ಹಾಕಿದವರ ಫೋನಿನಲ್ಲಿ ಕಡ್ಡಿ ಫುಲ್. ಇಡೀ ಬೀದಿಯವರ ಕಾಲ್ ಕಟ್.

ಎರಡು ವಾರ ಅಂದಿದ್ದ ಹುಡುಗ, ಮೂರನೇ ವಾರ ಮೆಸೇಜ್ ಮಾಡಿದ: “ಸಾರ್ ಕೆರೆ ಆಚೆ ಸೆಲ್ 2ರಿಂದ 5 ಡಿಗ್ರಿ ಮಾಡಿದೀವಿ, ಚೆಕ್ ಮಾಡಿ.” ಬಾಲ್ಕನಿಗೆ ಹೋಗಿ ನೋಡಿದೆ. -84 ಮತ್ತು 9. ಫೋನ್ ಈಗ ಹಿಂದಿನ ಬೀದಿಯ ಟವರ್ ಹಿಡಿದಿತ್ತು. ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅವರು ಹುರಿಗಾಳು ಆರಿಸುತ್ತಾ ಅರ್ಧ ಗಂಟೆ ಮಾತಾಡಿದರು, ಒಂದ್ಸಲವೂ ನಿಲ್ಲಲಿಲ್ಲ.

ಸಂಜೆ ಲಿಫ್ಟಿನಲ್ಲಿ ಹನ್ನೆರಡನೇ ಮಹಡಿಯವರು ಸಿಕ್ಕರು. ಫೋನ್ ಎತ್ತಿ ತೋರಿಸಿದರು.

“ನೋಡಿದ್ರಾ, ಟವರ್ ಒಂದು ಕಡ್ಡಿ ಕಮ್ಮಿ ಮಾಡಿಬಿಟ್ಟಿದ್ದಾರೆ. ಎಲ್ಲರೂ ಸೇರಿ ಒಂದು ಕಂಪ್ಲೇಂಟ್ ಹಾಕೋಣ್ವಾ?”